ಗೊಲ್ಲರಪ್ಪನ ಎಡಗೈ

ಮೊದಲು ಆ ನಗುವ ಮುಖದ ಚಿತ್ರ ಕಳಿಸುವುದನ್ನು ನಿಲ್ಲಿಸಿ. ಈ ಲಕ್ಷ್ಮಯ್ಯನಿಗೆ ಎಪ್ಪತ್ತೊಂಬತ್ತಾಯಿತು, ನಿನ್ನೆ ತಿಂದದ್ದೇ ನೆನಪಿಲ್ಲ, ಗೊಲ್ಲರಪ್ಪನ ಮಣ್ಣಿನ ದಿನದ್ದು ಏನು ನೆನಪಿರುತ್ತೆ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದೀರಲ್ಲ, ಹಾಕಿದವನ ಮೊದಲ ಸೈಕಲ್ಲಿಗೆ ಪಂಕ್ಚರ್ ಹಾಕಿದ ಕೈ ಇದು. ಹಿಂದಿನ ಚಕ್ರದಲ್ಲಿ ಎಷ್ಟು ಕಡ್ಡಿ ಬದಲಾಯಿಸಿದ್ದೆ ಅಂತ ಬೇಕಾದರೆ ಈಗಲೇ ಹೇಳುತ್ತೇನೆ. ನಿನ್ನೆಯ ಊಟ ನೆನಪಿಲ್ಲ, ನಿಜ. ನೆನಪಿಡುವಂಥ ಊಟವೂ ಅಲ್ಲ ಅದು. ಆ ದಿನದ್ದು ಮಾತ್ರ ಚಟ್ಟದ ಹಗ್ಗದ ಗಂಟಿನವರೆಗೂ ನೆನಪಿದೆ. ಮಾತಾಡಿಯೇ ಕಳಿಸುತ್ತಿದ್ದೇನೆ, ಸುಮ್ಮನೆ ಕೇಳಿ.

ಚಟ್ಟವನ್ನು ಟೆಂಪೋಗೆ ಏರಿಸುತ್ತಿದ್ದೆವು. ತಲೆಯ ಕಡೆ ಗೊಲ್ಲರಪ್ಪನ ಮಗ ಈರೇಶ್, ಕಾಲಿನ ಕಡೆ ನಾನು ಮತ್ತು ಪಕ್ಕದ ಮನೆಯ ದಯಾನಂದ್. ಟೆಂಪೋ ಈರೇಶನದೇ, ಮಾರ್ಕೆಟ್ಟಿಗೆ ಕೊಬ್ಬರಿ ಚೀಲ ಹೊರುವ ಗಾಡಿ. ಹಿಂದೆ ನಿಂತು ಎರಡೂ ಕೈ ಆಡಿಸುತ್ತಿದ್ದವನು ಭೀಮರಾಜು. ಟ್ರಾಫಿಕ್ ಪೊಲೀಸ್ ಆಗಿದ್ದವನು, ನಿವೃತ್ತನಾಗಿ ಒಂಬತ್ತು ವರ್ಷವಾದರೂ ಗಾಡಿ ಕಂಡರೆ ಕೈ ಸುಮ್ಮನಿರುವುದಿಲ್ಲ.

“ಬಲಕ್ಕೆ, ಬಲಕ್ಕೆ. ಇನ್ನೊಂಚೂರು ಬಲಕ್ಕೆ. ಹಾಂ, ನಿಲ್ಸಿ!”

ದಯಾನಂದ್ ಮೆಲ್ಲಗೆ ಅಂದ: “ಅಷ್ಟು ವರ್ಷ ಸರ್ಕಲ್‌ನಾಗೆ ಗಂಟ್ಲು ಹರ್ಕೊಂಡ್ರಲ್ಲ ಭೀಮರಾಜಣ್ಣ, ಗೊಲ್ಲರಪ್ಪ ನಿಮ್ ಕೈ ನೋಡಿ ತಿರುಗಿದ್ದು ಇವತ್ತೇ ಮೊದ್ಲು.”

ಹೆಂಗಸರ ಗುಂಪಿನಲ್ಲಿ ಯಾರೋ ಸೆರಗಿನೊಳಗೇ ನಕ್ಕರು. ಈರೇಶ್ ನಗಲಿಲ್ಲ.

ನಗದೆ ಏನು ಮಾಡುವುದು? ಗೊಲ್ಲರಪ್ಪನ ಸೈಕಲ್ ಸವಾರಿ ತಿಪಟೂರಿಗೇ ಗೊತ್ತಿತ್ತು. ಅವನು ತೆಂಗಿನ ಕಡ್ಡಿಪೊರಕೆ ಮಾರುತ್ತಿದ್ದ. ಕ್ಯಾರಿಯರಿನ ಎರಡೂ ಕಡೆ ಇಪ್ಪತ್ತಿಪ್ಪತ್ತು ಪೊರಕೆ ಅಡ್ಡಡ್ಡ ಕಟ್ಟಿಕೊಂಡು, ಒಂದು ಕಾರಿನಷ್ಟು ಅಗಲವಾಗಿ, ಬಿ.ಎಚ್. ರಸ್ತೆಯ ನಟ್ಟನಡುವೆ ಹೋಗುವನು. ಹಿಂದಿನ ಬಸ್ಸು ಹಾರ್ನ್ ಹೊಡೆದು ಹೊಡೆದು ಸುಸ್ತಾಗಬೇಕು, ಇವನು ತಿರುಗಿ ನೋಡುವವನಲ್ಲ. ನಾನು ಪುಕ್ಕಟೆ ಗಂಟೆ ಹಾಕಿಕೊಟ್ಟರೆ ಬಿಚ್ಚಿ ವಾಪಸು ತಂದ. ಯಾರಾದರೂ ಅಡ್ಡ ಬಂದರೆ ನಾಲಿಗೆ ಮಡಿಸಿ “ಹುರ್‍ರ್‍ರ್, ಹೋಯ್!” ಅನ್ನುವನು. ಎಲ್ಲಕ್ಕಿಂತ ಕೆಟ್ಟದ್ದು ಅವನ ಕೈ. ಎಡಗೈಯನ್ನು ಉದ್ದಕ್ಕೆ ಚಾಚಿ ಬಲಕ್ಕೆ ತಿರುಗುವನು, ಬಲಗೈ ಚಾಚಿ ಎಡಕ್ಕೆ. ಊರಿನ ಹಳಬರಿಗೆ ಇದು ರೂಢಿಯಾಗಿತ್ತು. ಬಿದ್ದವರೆಲ್ಲ ಹೊಸಬರು.

ಆ ಹೊಸಬರ ಸಾಲಿನಲ್ಲಿ ಕೊನೆಯವಳು ಜೀವಿತಾ. ಚಿಂತಾಮಣಿ ಕಡೆಯ ಹುಡುಗಿ, ಇಲ್ಲಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಬಂದು ಎರಡು ತಿಂಗಳಾಗಿತ್ತು. ಮಂಗಳವಾರ ಬೆಳಿಗ್ಗೆ ಮಾರ್ಕೆಟ್ ಗೇಟಿನ ಬಳಿ ಅವಳ ಸ್ಕೂಟರ್ ಗೊಲ್ಲರಪ್ಪನಿಗೆ ತಗುಲಿತು. ಅವನು ಬಿದ್ದ, ಎದ್ದ, ಟೀ ಕುಡಿದ, ಸೊಟ್ಟಗಾದ ಹ್ಯಾಂಡಲ್ಲನ್ನು ನನ್ನ ಸೈಕಲ್ ಅಂಗಡಿಗೆ ತಂದು ನೇರ ಮಾಡಿಸಿಕೊಂಡು ಮನೆಗೆ ಹೋದ. ಆಸ್ಪತ್ರೆಗೆ ಬಾ ಅಂದರೆ ಕೇಳಲಿಲ್ಲ. ಗುರುವಾರ ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ. ಎಪ್ಪತ್ತೆರಡು ವಯಸ್ಸು. ಬಿದ್ದದ್ದರಿಂದ ಹೋದನೋ, ಆಯಸ್ಸು ಮುಗಿದು ಹೋದನೋ, ಯಾರು ಹೇಳಬೇಕು?

ಈಗ ಆ ಹುಡುಗಿ ಹೆಲ್ಮೆಟ್ಟನ್ನು ಹೊಟ್ಟೆಗೆ ಅವುಚಿಕೊಂಡು ಕಾಂಪೌಂಡಿನ ಮೂಲೆಯಲ್ಲಿ ನಿಂತಿದ್ದಳು. ಬರಬೇಡ ಅಂತ ಎಲ್ಲರೂ ಹೇಳಿದ್ದರು, ಬಂದಿದ್ದಳು.

ಈರೇಶ್ ನೇರವಾಗಿ ಅವಳ ಮುಂದೆ ಹೋಗಿ ನಿಂತ.

“ಇನ್ನೊಂದ್ಸಲ ಹೇಳಮ್ಮ. ಎಲ್ಲಾರೂ ಕೇಳ್ಲಿ.”

“ತಾತ ಎಡಗೈ ಹಾಕಿದ್ರು ಅಣ್ಣ. ಎಡಕ್ಕೆ ಹೋಗ್ತಾರೆ ಅಂತ ನಾನು ಬಲಗಡೆಯಿಂದ ಮುಂದೆ ಹೋದೆ. ಅವರು ಬಲಕ್ಕೇ ತಿರುಗಿಬಿಟ್ರು.”

“ಎಡಗೈ ಹಾಕಿ ಬಲಕ್ಕೆ ಯಾವನಮ್ಮ ತಿರುಗ್ತಾನೆ? ನಮ್ಮಪ್ಪನೇನು ಹುಚ್ಚನಾ?”

ಭೀಮರಾಜು ನಡುವೆ ಬಂದ. “ಈರೇಶ, ಹುಡುಗಿ ಸುಳ್ಳಾಡ್ತಿಲ್ಲ ಕಣಪ್ಪ. ನಿಮ್ಮಪ್ಪ ಹಂಗೇ ಮಾಡ್ತಿದ್ದ. ಊರೆಲ್ಲ ನೋಡೈತೆ.”

“ಊರೆಲ್ಲ ನಕ್ಕೈತೆ, ಅದ್ನ ಹೇಳಿ. ನಾನು ಹೈಸ್ಕೂಲ್‌ನಾಗಿದ್ದಾಗ ನಮ್ಮಪ್ಪನ ತರ ಕೈ ಮಾಡಿ ತೋರಿಸ್ದವನ ಹಲ್ಲು ಮುರಿದಿದ್ದೆ. ಸತ್ತ ಮ್ಯಾಲೂ ತಪ್ಪೆಲ್ಲ ಅಪ್ಪಂದೇನಾ? ಬುಡಿ, ಕಂಪ್ಲೇಂಟ್ ಕೊಡ್ತೀನಿ. ಏನು ಮಾಡ್ಬೇಕು ಅಷ್ಟು ಹೇಳಿ.”

ಭೀಮರಾಜುವಿಗೆ ಹೇಳಲು ಮನಸ್ಸಿರಲಿಲ್ಲ. ಆದರೆ ಖಾಕಿ ತೊಟ್ಟಿದ್ದ ಮನುಷ್ಯ, ಕೇಳಿದ ಮೇಲೆ ಬಚ್ಚಿಡಲೂ ಆಗಲಿಲ್ಲ. “ಮಣ್ಣಾಗೋ ಮುಂಚೆ ಸ್ಟೇಷನ್‌ಗೆ ಒಂದು ಫೋನ್ ಮಾಡ್ಬೇಕು. ಬಂದು ಬಾಡೀನ ಆಸ್ಪತ್ರೆಗೆ ತಗೊಂಡೋಗ್ತಾರೆ. ಮಣ್ಣಾದ ಮ್ಯಾಲೆ ಬಲು ಕಷ್ಟ,” ಅಂದು ನಂಬರು ಹೇಳಿದ.

ಈರೇಶ್ ನಂಬರನ್ನು ಒತ್ತಿಕೊಂಡ, ಕರೆ ಮಾಡಲಿಲ್ಲ. “ಹಟ್ಟಿಗೆ ಹೋಗಿ ನಮ್ಮೋರನ್ನ ಒಂದು ಮಾತು ಕೇಳ್ತೀನಿ. ಗುಂಡಿ ತಾವ್ಲೇ ಫೋನ್ ಮಾಡ್ತೀನಿ,” ಅಂದ. ಗೊಲ್ಲರಪ್ಪನನ್ನು ಮಣ್ಣು ಮಾಡುವುದು ಅವನು ಹುಟ್ಟಿದ ಹಟ್ಟಿಯಲ್ಲೇ ಅಂತ ಆಗಿತ್ತು.

ಆ ಹುಡುಗಿಗೆ ಸರ್ಕಾರಿ ನರ್ಸ್ ಕೆಲಸದ ಪಟ್ಟಿಯಲ್ಲಿ ಹೆಸರು ಬಂದಿತ್ತು. ಕೆಲಸಕ್ಕೆ ಮುಂಚಿನ ಪೊಲೀಸ್ ವೆರಿಫಿಕೇಶನ್ ಒಂದೇ ಬಾಕಿ. ಮೇಲೆ ಒಂದು ಕೇಸು ಬಿದ್ದರೆ ಆರ್ಡರ್ ಅಲ್ಲಿಗೇ ನಿಲ್ಲುತ್ತದೆ. ಇದು ಈರೇಶನಿಗೂ ಗೊತ್ತಿತ್ತು. ಮಂಗಳವಾರವೇ ಅವಳು ಅಳುತ್ತಾ ಗೊಲ್ಲರಪ್ಪನಿಗೆ ಹೇಳಿದ್ದಳು, ಅವನು ಮನೆಯಲ್ಲಿ ಹೇಳಿದ್ದ.

* * *

ಗೊಲ್ಲರಪ್ಪ ಸೈಕಲ್ ಕಲಿತದ್ದು ಮೂವತ್ತಾರನೇ ವಯಸ್ಸಿನಲ್ಲಿ. ಕಲಿಸಿದವನು ನಾನೇ. ಅಲ್ಲಿಯವರೆಗೆ ಅವನು ಕಂದಿಕೆರೆಯಾಚೆಯ ಹಟ್ಟಿಯಲ್ಲಿ ಕುರಿ ಮೇಯಿಸಿಕೊಂಡಿದ್ದ. ಒಂದು ಮಳೆಗಾಲ ನೀಲಿನಾಲಿಗೆ ರೋಗ ಬಂದು, ನೂರಾ ಹತ್ತು ಕುರಿಯಲ್ಲಿ ಉಳಿದದ್ದು ಏಳು. ಆ ಏಳನ್ನು ಅಕ್ಕ ಕಾಳಕ್ಕನಿಗೆ ಒಪ್ಪಿಸಿ, ಹೆಂಡತಿಯನ್ನೂ ಕೈಗೂಸು ಈರೇಶನನ್ನೂ ಕರೆದುಕೊಂಡು ತಿಪಟೂರಿಗೆ ಬಂದ. ನನ್ನ ಅಂಗಡಿಯ ಮುಂದೆ ಒಂದು ವಾರ ಸುಮ್ಮನೆ ನಿಂತಿದ್ದು, ಎಂಟನೇ ದಿನ ಕೇಳಿದ: “ಇದನ್ನ ಹೆಂಗಣ್ಣ ಹೊಡೆಯೋದು?”

ಹೊಡೆಯುವುದು ಅಂದ. ಕುರಿ ಹೊಡೆಯುವ ಹಾಗೆ. ನಾನೂ ನಕ್ಕೆ.

ಕೊಬ್ಬರಿ ಮಂಡಿಯ ಹಿಂದಿನ ಬಯಲಿನಲ್ಲಿ ಹದಿನೈದು ದಿನ ಅವನ ಸೀಟು ಹಿಡಿದುಕೊಂಡು ಓಡಿದೆ. ಬ್ಯಾಲೆನ್ಸ್ ಕಲಿಸಿದೆ, ಬ್ರೇಕ್ ಕಲಿಸಿದೆ, ಚೈನು ಕಳಚಿದರೆ ಹಾಕುವುದನ್ನು ಕಲಿಸಿದೆ. ರಸ್ತೆಯಲ್ಲಿ ಯಾವ ಕಡೆ ಹೋಗಬೇಕು, ಯಾವಾಗ ಯಾವ ಕೈ ತೋರಿಸಬೇಕು ಅನ್ನುವುದನ್ನು ಕಲಿಸಲಿಲ್ಲ. ರಸ್ತೆಯ ಮೇಲೆ ಇಪ್ಪತ್ತು ವರ್ಷ ನಡೆದವನಿಗೆ ಅದನ್ನೇನು ಹೇಳುವುದು ಅಂದುಕೊಂಡೆ.

* * *

ಟೆಂಪೋದ ಮುಂದುಗಡೆ ಮೂವರಿದ್ದೆವು. ಓಡಿಸುತ್ತಿದ್ದವನು ಈರೇಶ್. ಹೆಣದ ಮುಂದೆ ಬೆಂಕಿ ಮಡಕೆ ಹಿಡಿಯುವವನು ಗಾಡಿ ಓಡಿಸಬಾರದು ಅಂತ ಯಾರೋ ಅಂದರೆ, “ನಮ್ಮಪ್ಪನ್ನ ಬೇರೆಯವ್ರ ಕೈಗೆ ಕೊಡಾಕಿಲ್ಲ,” ಅಂದುಬಿಟ್ಟಿದ್ದ. ನಡುವೆ ನಾನು. ಕಿಟಕಿಯ ಪಕ್ಕ ಕಾಳಕ್ಕ. ಬೆಳಗಿನ ಬಸ್ಸಿಗೇ ತಿಪಟೂರಿಗೆ ಬಂದಿದ್ದಳು. ಎಂಬತ್ತು ದಾಟಿದ ಮುದುಕಿ, ಕಣ್ಣು ಮಾತ್ರ ಇನ್ನೂ ಚುರುಕು. ನಂಬರು ಒತ್ತಿಟ್ಟಿದ್ದ ಈರೇಶನ ಫೋನು ಡ್ಯಾಶ್‌ಬೋರ್ಡಿನ ಮೇಲಿತ್ತು. ಗಾಡಿ ಗುಂಡಿಗೆ ಇಳಿದಾಗಲೆಲ್ಲ ಅದು ಜಾರುವುದು, ಈರೇಶ್ ಹಿಂದಕ್ಕೆ ತಳ್ಳುವನು.

ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿ ಅವನು ಹಲ್ಲು ಕಚ್ಚಿದ. “ಅವ್ಳು ಇನ್ನೂ ಬರ್ತಾವ್ಳೆ.”

ನಾನೂ ಬಗ್ಗಿ ನೋಡಿದೆ. ಜೀವಿತಾಳ ಸ್ಕೂಟರು. ರಸ್ತೆಯ ಎಡ ಅಂಚಿಗೆ, ಇಪ್ಪತ್ತು ಮಾರು ದೂರದಲ್ಲಿ, ಇಂಡಿಕೇಟರ್ ಮಿಣುಕಿಸುತ್ತಾ ಬರುತ್ತಿತ್ತು.

“ಯಾರ್ಲಾ ಅದು?” ಅಂದಳು ಕಾಳಕ್ಕ.

“ಅಪ್ಪನ್ನ ಬೀಳಿಸ್ದವ್ಳು ಅತ್ತೆ.”

“ಬೀಳಿಸ್ದೋಳು ಮಣ್ಣಿಗೆ ಬತ್ತವ್ಳಾ?” ಮುದುಕಿ ಕತ್ತು ಹೊರಗೆ ಹಾಕಿ ಬಹಳ ಹೊತ್ತು ನೋಡಿದಳು. “ಊಟ ಮಾಡವ್ಳೋ ಇಲ್ವೋ.”

“ಅಪ್ಪ ಎಡಗೈ ಹಾಕಿ ಬಲಕ್ಕೆ ತಿರುಗ್ದ ಅಂತಾಳೆ.”

ಕಾಳಕ್ಕ ಅವನನ್ನೇ ನೋಡಿದಳು, ಅದರಲ್ಲಿ ಹೇಳುವಂಥದ್ದೇನಿದೆ ಅನ್ನುವ ಹಾಗೆ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೊರಗೆ ತಿರುಗಿದಳು. ನಾನಾದರೂ ಆಗ ಕೇಳಬೇಕಿತ್ತು. ಕೇಳಲಿಲ್ಲ. ನನ್ನ ತಲೆಯಲ್ಲಿ ಬೇರೆ ಏನೋ ಓಡುತ್ತಿತ್ತು.

* * *

ಓಡುತ್ತಿದ್ದದ್ದು ಇದು. ಒಂದು ಹದಿನೈದು ವರ್ಷದ ಕೆಳಗೆ ಭೀಮರಾಜು ಸರ್ಕಲ್ಲಿನಲ್ಲಿ ಗೊಲ್ಲರಪ್ಪನನ್ನು ಹಿಡಿದು ನಿಲ್ಲಿಸಿದ್ದ. ನನ್ನ ಅಂಗಡಿ ಎದುರಿಗೇ. ಆಗಷ್ಟೇ ಒಬ್ಬ ಎಲ್ಲೈಸಿಯವನು ಪೊರಕೆಗಳ ನಡುವೆ ಸ್ಕೂಟರ್ ತೂರಿಸಿ ಚರಂಡಿಗೆ ಇಳಿದಿದ್ದ.

“ಲೇ ಗೊಲ್ಲರಪ್ಪ, ಇದು ಯಾವ ಕೈ?”

“ಎಡಗೈ ಸ್ವಾಮಿ.”

“ಎಡಗೈ ಚಾಚಿದ್ರೆ ಯಾವ ಕಡೆಗೆ ಹೋಗ್ಬೇಕು?”

“ಬಲಕ್ಕೆ.”

“ಅಯ್ಯೋ ನಿನ್ನ! ಎಡಕ್ಕೆ ಕಣ್ಲಾ, ಎಡಕ್ಕೆ!”

ಗೊಲ್ಲರಪ್ಪ ತನ್ನ ಕೈಯನ್ನೇ ನೋಡಿಕೊಂಡ. ಅವನಿಗೆ ಸಿಟ್ಟು ಬಂದಿರಲಿಲ್ಲ, ನಾಟಕವನ್ನೂ ಆಡುತ್ತಿರಲಿಲ್ಲ. ಮಗ್ಗಿ ತಪ್ಪು ಹೇಳಿಕೊಡುವ ಮೇಷ್ಟ್ರನ್ನು ನೋಡುವ ಹಾಗೆ ಭೀಮರಾಜುವನ್ನು ನೋಡಿದ.

“ಎಡಕ್ಕೆ ಹೋಗಬ್ಯಾಡ ಅಂತ ತಾನೇ ಸ್ವಾಮಿ ಕೈ ಅಡ್ಡ ಹಾಕಿರೋದು?”

ಸರ್ಕಲ್ಲಿಗೆ ಸರ್ಕಲ್ಲೇ ನಕ್ಕಿತು. ಚರಂಡಿಯಲ್ಲಿದ್ದ ಎಲ್ಲೈಸಿಯವನೂ ನಕ್ಕ. ನಾನು ಟ್ಯೂಬು ನೀರಿಗೆ ಅದ್ದಿ ಗುಳ್ಳೆ ನೋಡುವುದನ್ನೂ ಮರೆತು ನಕ್ಕೆ. ಆ ಮಾತನ್ನು ಊರೆಲ್ಲ ವರ್ಷಗಟ್ಟಲೆ ಆಡಿಕೊಂಡಿತು. ಈಗ ಮಂಗಳವಾರ ಬಿದ್ದಾಗ ಅವನು ಆ ಹುಡುಗಿಯನ್ನು ಕೇಳಿದ್ದೂ ಒಂದೇ ಮಾತು: “ಕೈ ಹಾಕಿದ್ದು ಕಾಣ್ಲಿಲ್ವೇನಮ್ಮ?” ಅವಳು ಅಂದದ್ದು: “ಕಾಣಿಸ್ತು ತಾತ, ಅದಕ್ಕೇ ಬಲಕ್ಕೆ ಬಂದೆ.” ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತಿದ್ದರಂತೆ.

* * *

ಕಂದಿಕೆರೆ ಕಳೆದು, ಹಟ್ಟಿಯ ದಾರಿ ಇನ್ನೇನು ಸಿಗಬೇಕು ಅನ್ನುವಾಗ ರಸ್ತೆ ತುಂಬ ಕುರಿ. ಇನ್ನೂರಕ್ಕೆ ಕಡಿಮೆಯಿಲ್ಲ. ಈ ಅಂಚಿನಿಂದ ಆ ಅಂಚಿನವರೆಗೆ ಚೆಲ್ಲಿದ್ದವು. ಹಿಂದೆ ಕಂಬಳಿ ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದವನು ಚಿತ್ತೇಶ್, ಕಾಳಕ್ಕನ ಮಗ. ನಲವತ್ತೈದು ದಾಟಿದ ಗಂಡಸು. ಮಾವ ಸತ್ತಿದ್ದರೂ ಮಂದೆ ಬಿಟ್ಟು ತಿಪಟೂರಿಗೆ ಬರಲಾಗದೆ, ಹೆಣ ಬರುವ ಹೊತ್ತಿಗೆ ದಾರಿಯಲ್ಲೇ ಸೇರಿಕೊಳ್ಳೋಣ ಅಂತ ರಸ್ತೆಯ ಬದಿಗೇ ಮೇಯಿಸಿಕೊಂಡು ಬಂದಿದ್ದ.

ಅವನು ಒಮ್ಮೆ ಹಿಂದಿರುಗಿ, ಟೆಂಪೋದ ಮುಂದೆ ಕಟ್ಟಿದ ಹೂವಿನ ಹಾರ ಕಂಡು, ಮತ್ತೆ ಕುರಿಗಳ ಕಡೆ ಮುಖ ಮಾಡಿ ನಿಂತ. ಎಡಗೈಯಲ್ಲಿದ್ದ ಕೋಲಿನ ಸಮೇತ ತೋಳನ್ನು ನೆಟ್ಟಗೆ ಎಡಕ್ಕೆ ಚಾಚಿದ. ಆಮೇಲೆ ತಿರುಗಿ ನೋಡಲಿಲ್ಲ. ನಾಲಿಗೆ ಮಡಿಸಿ ಕೂಗಿದ: “ಹುರ್‍ರ್‍ರ್, ಹೋಯ್!”

ಅಷ್ಟೂ ಕುರಿ ಆ ತೋಳಿಗೆ ಬೆನ್ನು ಹಾಕಿ ಬಲಕ್ಕೆ ತಿರುಗಿದವು.

ಈರೇಶ್ ಬ್ರೇಕ್ ಹಾಕಿದ್ದು ಗಾಡಿಗೆ ಬೇಕಿದ್ದಕ್ಕಿಂತ ಜೋರಾಗಿತ್ತು. ಫೋನು ಜಾರಿ ಕಾಳಕ್ಕನ ಮಡಿಲಿಗೆ ಬಿತ್ತು. ಅವನು ಅದನ್ನು ನೋಡಲೂ ಇಲ್ಲ. ಚಿತ್ತೇಶನ ತೋಳನ್ನೇ ನೋಡುತ್ತಿದ್ದ.

“ಅತ್ತೆ. ಅದು ಯಾವ ಕೈ?”

“ಎಡಗೈ ಕಣ್ಲಾ.”

“ಕುರಿ ಬಲಕ್ಕೆ ಹೋದ್ವಲ್ಲ?”

“ಇನ್ನೆಲ್ಲಿಗೆ ಹೋಗ್ಬೇಕು? ಎಡಕ್ಕೆ ಅಡ್ಡ ಹಾಕವ್ನಲ್ಲ.” ಮುದುಕಿ ಕಿಟಕಿಯಿಂದ ಉಗಿದು ಬಾಯಿ ಒರೆಸಿಕೊಂಡಳು. “ಚಿತ್ತೇಶಂಗೆ ಕಲಿಸ್ದೋನು ನಿಮ್ಮಪ್ಪನೇಯ. ನಿಂಗೆ ಕಲಿಸೋಕೆ ಕುರಿ ಇರ್ಲಿಲ್ಲ, ಏನು ಮಾಡಾನ.”

ಮೂವತ್ತಾರು ವರ್ಷ. ಬಿ.ಎಚ್. ರಸ್ತೆಯ ನಟ್ಟನಡುವೆ, ಹಿಂದಿರುಗಿ ನೋಡದೆ, ಗಂಟೆ ಬೇಡವೆಂದು, ನಾಲಿಗೆ ಮಡಿಸಿ ಕೂಗುತ್ತಾ. ದಿನಾ ನನ್ನ ಅಂಗಡಿಯ ಮುಂದೆಯೇ ಹೋಗುತ್ತಿದ್ದ.

ಈರೇಶ್ ಇಂಜಿನ್ ಆರಿಸಿ ಇಳಿದ. ಗಾಡಿಯ ಹಿಂದಕ್ಕೆ ನಡೆದ. ನಾನು ಕನ್ನಡಿಯಲ್ಲೇ ನೋಡಿದೆ. ಜೀವಿತಾ ಸ್ಕೂಟರ್ ನಿಲ್ಲಿಸಿ ಎರಡೂ ಕಾಲು ನೆಲಕ್ಕೆ ಊರಿಕೊಂಡಿದ್ದಳು. ಅವನು ಬರುವುದು ಕಂಡು ಹೆಲ್ಮೆಟ್ ತೆಗೆದಳು, ಹೊಡೆಯುವವರಿಗೆ ಮುಖ ಕೊಡುವ ಹಾಗೆ. ಅವನು ಅವಳಿಗೆ ಏನೋ ಹೇಳಿದ. ನನಗೆ ಕೇಳಲಿಲ್ಲ. ಕುರಿಗಳ ಗದ್ದಲ. ಅವನು ಚಿತ್ತೇಶನ ಕಡೆ ತೋರಿಸಿದ. ಆಮೇಲೆ ತನ್ನ ಎಡಗೈಯನ್ನು ಉದ್ದಕ್ಕೆ ಚಾಚಿದ. ಅವಳೂ ತನ್ನ ಎಡಗೈ ಚಾಚಿದಳು. ಮುಂದೆ ಚಿತ್ತೇಶ್ ಇನ್ನೂ ಕೈ ಇಳಿಸಿರಲಿಲ್ಲ.

ಹುಳಿಯಾರಿನ ಕಡೆ ಹೋಗುವ ಕಾಯಿ ಲಾರಿಯೊಂದು ಹಿಂದಿನಿಂದ ಬಂದು, ನಡುರಸ್ತೆಯಲ್ಲಿ ಮೂರು ಎಡಗೈ ಕಂಡು, ಯಾವ ಕಡೆ ನುಗ್ಗಬೇಕೋ ತಿಳಿಯದೆ ನಿಂತುಬಿಟ್ಟಿತು. ಡ್ರೈವರು ಹಾರ್ನ್ ಕೂಡ ಹೊಡೆಯಲಿಲ್ಲ. ಫೋನು ಕಾಳಕ್ಕನ ಮಡಿಲಲ್ಲೇ ಇತ್ತು, ಎಲೆಚೀಲದ ಕೆಳಗೆ. ಸಂಜೆ ಮಣ್ಣಾಗಿ ಎಲ್ಲರೂ ಸ್ನಾನಕ್ಕೆ ಹೊರಡುವವರೆಗೂ ಅದನ್ನು ಯಾರೂ ಕೇಳಲಿಲ್ಲ.

ಇಷ್ಟೇ. ಇದನ್ನು ಕೇಳಿ ಇಟ್ಟುಕೊಳ್ಳಬೇಡಿ, ತಿಪಟೂರಿನ ಎಲ್ಲ ಗ್ರೂಪಿಗೂ ಕಳಿಸಿ, ಊರಿಗೆ ಹೊಸದಾಗಿ ಬಂದವರಿಗೆ ಮೊದಲು. ಚಿತ್ತೇಶ್ ಮೊನ್ನೆ ಮೊಪೆಡ್ ತಗೊಂಡಿದ್ದಾನೆ. ಸೋಮವಾರದಿಂದ ಪೇಟೆಗೆ ಬರುತ್ತಾನಂತೆ.