ನಾಲ್ಕು ಬಾಯಿ ದಾಟಿದ ಸುದ್ದಿ

ಹೆಂಡತಿ ಚನ್ನಬಸವ್ವ ತೀರಿಕೊಂಡ ಮೇಲೆ ಶಾಂತಯ್ಯ ಮಾಸ್ತರರಿಗೆ ನೋಟ್ಸು ಬರೆಸುವುದು ಆಗದೆ ಹೋಯಿತು. ೧೯೬೧ರ ಸೀಗೆ ಹುಣ್ಣಿಮೆಗೆಂದು ನವಲಗುಂದ ಕಡೆಯ ತಮ್ಮ ಊರಿಗೆ ಹೋದಾಕೆ ಜ್ವರ ಬಂದು ಅಲ್ಲೇ ಮುಗಿದಿದ್ದಳು. ಮಣ್ಣು ಕೊಟ್ಟ ದಿನವೂ ಮಾಸ್ತರರಿಗೆ ಅಳು ಬರಲಿಲ್ಲ. ಒಳಗೆ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರೆ ಅವರು ಕಟ್ಟೆಯ ಮೇಲೆ ಕುಳಿತು, ಎಮ್ಮೆ ಕಣಿಕೆ ಅಗಿಯುವುದನ್ನು ನೋಡುತ್ತಿದ್ದರು. ಅದರ ದವಡೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುತ್ತಿತ್ತು.

ಧಾರವಾಡಕ್ಕೆ ತಿರುಗಿ ಬಂದು ಕಾಲೇಜಿನ ಮನಶ್ಶಾಸ್ತ್ರದ ತರಗತಿಯಲ್ಲಿ ನಿಂತರೆ, ವರ್ಷಗಟ್ಟಲೆ ಹೇಳಿ ನಾಲಿಗೆಗೆ ಪಾಠವಾಗಿದ್ದ ವಾಕ್ಯ ಅರ್ಧಕ್ಕೆ ನಿಲ್ಲತೊಡಗಿತು. ಮುಂದಿನ ಶಬ್ದ ಇರಬೇಕಾದ ಕಡೆ ಏನೂ ಇರುತ್ತಿರಲಿಲ್ಲ, ರಾಶಿ ಎತ್ತಿದ ಮೇಲಿನ ಕಣದ ಹಾಗೆ. ಹುಡುಗರು ಪೆನ್ನು ಹಿಡಿದು ಕಾಯುತ್ತಿದ್ದರು. ಒಂದು ದಿನ ಹಾಗೆಯೇ ನಿಂತಾಗ ಮಾಸ್ತರರು ಕಪಾಟು ತೆಗೆದು, ಧೂಳು ತಿನ್ನುತ್ತಿದ್ದ ಪ್ರಯೋಗದ ಕನ್ನಡಿಯನ್ನೂ ಸ್ಟಾಪ್‌ವಾಚನ್ನೂ ಹೊರಗಿಟ್ಟು, "ನೀವ ಮಾಡಿ ನೋಡ್ರಿ" ಅಂದರು. ಅಂದಿನಿಂದ ಪಾಠದ ರೀತಿಯೇ ಬದಲಾಯಿತು. ಹುಡುಗರು ಜೋಡಿಯಾಗಿ ಕುಳಿತು ಒಬ್ಬರ ಮೇಲೊಬ್ಬರು ಪ್ರಯೋಗ ಮಾಡುವರು, ತಾವೇ ವಾದಿಸುವರು, ತಾವೇ ಕಾರಣ ಹುಡುಕುವರು. ಮಾಸ್ತರರು ಕಿಟಕಿಯ ಹತ್ತಿರ ನಿಂತು ನಡುನಡುವೆ "ಯಾಕ?" ಅನ್ನುವರು. ಅಷ್ಟಾದರೆ ಸಾಕಾಗುತ್ತಿತ್ತು. ಆ ಗದ್ದಲದಲ್ಲಿ ಅವರು ಮಾತಾಡಬೇಕಾಗಿರಲಿಲ್ಲ.

ಆದರೆ ಕೆಲವರು ನೋಟ್ಸು ಸಿಗುತ್ತಿಲ್ಲವೆಂದು ವಿಭಾಗದ ಮುಖ್ಯಸ್ಥರಾದ ಕಟಗೇರಿಯವರ ಹತ್ತಿರ ಹೋದರು. ಕಟಗೇರಿಯವರು ಶಾಂತಯ್ಯನವರನ್ನು ಕರೆಸಿ ಚಹಾ ತರಿಸಿದರು.

"ಶಾಂತಯ್ಯನವರ, ಹುಡುಗರು ತಕರಾರು ಮಾಡ್ಯಾರ್ರಿ. ಕನ್ನಡಿ ನೋಡಿ ನಕ್ಷೆ ತಗಸ್ತೀರಂತ."

"ಹೌದ್ರಿ. ತಾವ ಮಾಡಿ ಕಲತದ್ದು ಉಳೀತೈತ್ರಿ."

"ಉಳೀತೈತಿ ಖರೆ. ಯುನಿವರ್ಸಿಟಿಯವರು ಪೇಪರ್ ಜೋಡಿ ಕನ್ನಡಿ ಕೊಡೂದಿಲ್ಲಲ್ರಿ." ಕಟಗೇರಿಯವರು ಚಹಾವನ್ನು ಕಪ್ಪಿನಿಂದ ಬಸಿಗೆ ಸುರುವಿಕೊಂಡರು. "ಗುರುವಾರ ನಾನ ಬಂದು ಹಿಂದ ಕುಂದರತೇನಿ. ಹುಡುಗರು ಏನರ ಕಲತ್ರು ಅಂತ ನನಗ ಅನ್ನಿಸಿದ್ರ ನಡೀಲಿ. ಇಲ್ಲಂದ್ರ ಮೊದಲಿನಂಗ ನೋಟ್ಸ್ ಬರಸ್ರಿ. ಅದೂ ಆಗೂದಿಲ್ಲಂದ್ರ ರಜಾ ಹಾಕಿ ಊರಿಗೆ ಹೋಗ್ರಿ. ಯಾರೂ ಏನೂ ಅನ್ನೂದಿಲ್ಲ."

ಊರಿಗೆ ಹೋದರೆ ಮತ್ತೆ ಆ ಕಟ್ಟೆ, ಮಾತಾಡಿಸಲು ಬರುವ ಮಂದಿ. ಇಲ್ಲಿ ನಿಂತು ಬರೆಸಲು ಹೋದರೆ ಅರ್ಧಕ್ಕೆ ನಿಲ್ಲುವ ವಾಕ್ಯ. ಮಾಸ್ತರರಿಗೆ ಉಳಿದಿದ್ದದ್ದು ಈ ಗದ್ದಲದ ಒಂದು ತಾಸು. ಅದನ್ನು ಕಳೆದುಕೊಳ್ಳುವಂತಿರಲಿಲ್ಲ.

ಗುರುವಾರದ ಪಾಠಕ್ಕೆ ಅವರು ನೆನಪಿನ ಪ್ರಯೋಗ ಆರಿಸಿಕೊಂಡರು. ಖಾನಾವಳಿಯಲ್ಲಿ ರೊಟ್ಟಿಯ ದಾರಿ ಕಾಯುತ್ತ ಒಂದು ಸಣ್ಣ ಕಥೆ ಬರೆದರು. ಪಾಠವೆಲ್ಲ ಇಂಗ್ಲಿಷಿನಲ್ಲಿದ್ದರೂ ಕಥೆ ಕನ್ನಡದಲ್ಲಿರಲಿ ಅಂದುಕೊಂಡರು. 'ಸೋಮಪ್ಪ ಹತ್ತಿಯ ಗಾಡಿ ಹೊಡೆದುಕೊಂಡು ಹುಬ್ಬಳ್ಳಿಗೆ ಹೋದನು. ಅತ್ತ ಊರಿನಲ್ಲಿ ಅವನ ಹೆಂಡತಿ ಸತ್ತಳು. ಮನೆಯವರು ಆಳನ್ನು ಕಳಿಸಿದರು. ಸೋಮಪ್ಪ ಹತ್ತಿಯನ್ನು ದಲಾಲಿ ಅಂಗಡಿಯಲ್ಲಿ ಬಿಟ್ಟು ಮೋಟಾರು ಹತ್ತಿದನು. ಊರು ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು.' ನೆನಪಿಡಲು ಒಬ್ಬ ಮನುಷ್ಯ ಬೇಕು, ಒಂದು ಸರಕು, ಒಂದು ಘಟನೆ, ಒಂದು ಪ್ರಯಾಣ. ಎಲ್ಲ ಇದ್ದವು. ಅದರಲ್ಲಿ ಬೇರೇನಾದರೂ ಇದೆಯೆಂದು ಅವರಿಗೆ ಹೊಳೆಯಲೇ ಇಲ್ಲ.

ಕಟಗೇರಿಯವರು ಹಿಂದಿನ ಬಾಕಿನ ಮೇಲೆ ಕುಳಿತರು. ನಾಲ್ವರು ವಿದ್ಯಾರ್ಥಿಗಳು ಹೊರಗೆ ಪಡಸಾಲೆಯಲ್ಲಿ ನಿಂತರು. ಮೊದಲನೆಯವನು ಒಳಗೆ ಬಂದು ಮಾಸ್ತರರಿಂದ ಕಥೆ ಕೇಳಬೇಕು. ಅವನು ಎರಡನೆಯವನಿಗೆ, ಅವನು ಮೂರನೆಯವನಿಗೆ, ಹೀಗೆ ನೆನಪಿನಿಂದ ದಾಟಿಸಬೇಕು. ಕುಳಿತವರು ಏನು ಉದುರಿತು, ಏನು ಬದಲಾಯಿತು ಅಂತ ಗುರುತು ಹಾಕಿಕೊಳ್ಳಬೇಕು. ಯಾರೂ ತಿದ್ದಬಾರದು.

ಮೊದಲು ಬಂದವನು ಫಕೀರಪ್ಪ, ಮಾಸ್ತರರ ಕಡೆಯವನೇ, ಎರೆಭೂಮಿಯ ಹಳ್ಳಿಯವನು. ಕಥೆ ಕೇಳುತ್ತ ಒಮ್ಮೆ ಮಾಸ್ತರರ ಮುಖ ನೋಡಿದ, ಆಮೇಲೆ ನೆಲ ನೋಡಿದ. ಹುಲಗಪ್ಪ ಒಳಗೆ ಬಂದ.

"ಸೋಮಪ್ಪ ಅಂತ ಒಬ್ಬವ ಹತ್ತಿ ಗಾಡಿ ತೊಗೊಂಡು ಹುಬ್ಬಳ್ಳಿಗೆ ಹೋಗಿದ್ನಪಾ," ಅಂದ ಫಕೀರಪ್ಪ. "ಇತ್ತ ಅವನ ಹೇಂತಿಗೆ..." ಮಾಸ್ತರರ ಕಡೆಯಿಂದ ಮುಖ ತಿರುಗಿಸಿದ. "ಆರಾಮ ಇಲ್ದಂಗಾತು. ಲಗೂ ಬಾ ಅಂತ ಆಳು ಕಳಿಸಿದ್ರು. ಹತ್ತಿ ಅಲ್ಲೇ ಬಿಟ್ಟು ಮೋಟಾರ ಹತ್ತಿದ. ಊರಿಗೆ ಬರೂದ್ರಾಗ ದೀಪ ಹಚ್ಚೂ ಹೊತ್ತು."

ಹುಲಗಪ್ಪ ಹುಬ್ಬಳ್ಳಿಯ ಗಿರಣಿ ಚಾಳಿನಲ್ಲಿ ಬೆಳೆದವನು. 'ಆರಾಮ ಇಲ್ಲ' ಅಂದದ್ದನ್ನು ಇದ್ದ ಹಾಗೇ ತೆಗೆದುಕೊಂಡು ಅಹಮದಸಾಬನಿಗೆ ಹೇಳಿದ: "ಸೋಮಪ್ಪನ ಹೇಂತಿಗೆ ಜ್ವರ ಬಂದಿದ್ವಂತಲೇ. ಹತ್ತಿ ಬಿಟ್ಟು ಓಡಿದ ಅಂದ್ರ ಅಕಿ ಮ್ಯಾಲ ಎಷ್ಟು ಜೀವ ಇರಬೇಕು ನೋಡು." ಅಹಮದಸಾಬನ ಬಾಯಲ್ಲಿ ಆ ಮೋಟಾರಿಗೆ ಒಬ್ಬ ಡಾಕ್ಟರೂ ಹತ್ತಿದ. ಕೊನೆಗೆ ಗೋಪನಕೊಪ್ಪದಿಂದ ಬರುವ ಶೇವಂತೆವ್ವ ತರಗತಿಯ ಮುಂದೆ ನಿಂತು ಕಥೆ ಒಪ್ಪಿಸಿದಳು.

"ಡಾಕ್ಟರ್ ಸೂಜಿ ಮಾಡಿದ ಮ್ಯಾಲ ಅಕಿಗೆ ಆರಾಮ ಆತಂತ್ರಿ ಸರ್. ದೀಪ ಹಚ್ಚೂ ಹೊತ್ತಿಗೆ ಎದ್ದು ಗಂಡಗ ರೊಟ್ಟಿ ಬಡದು ಹಾಕಿದ್ಲಂತ."

ಇಂಥ ಆಟದ ಕೊನೆಯಲ್ಲಿ ತರಗತಿ ಯಾವಾಗಲೂ ನಗುತ್ತಿತ್ತು. ಇಂದು ಯಾರೂ ನಗಲಿಲ್ಲ. ಶೇವಂತೆವ್ವ ತಾನು ಏನು ತಪ್ಪು ಹೇಳಿದೆನೋ ಎಂದು ಸುತ್ತ ನೋಡಿದಳು. ಗೆಳತಿಯೊಬ್ಬಳು ಮೂಲ ಕಥೆಯನ್ನು ಅವಳ ಕಿವಿಯಲ್ಲಿ ಉಸುರಿದಳು.

"ಮುಖ್ಯ ಮಾತ ಮೊದಲನೇ ಬಾಯಾಗ ಕಳದು ಹೋತಲ್ರಿ," ಅಂದರು ಕಟಗೇರಿಯವರು ಹಿಂದಿನಿಂದ. "ಬಿ.ಎ. ಹುಡುಗನ ನೆನಪು ಇಷ್ಟ ಏನು?"

ಶಾಂತಯ್ಯ ಮಾಸ್ತರರು ಎಂದಿನಂತೆ ಕೇಳಿದರು: "ಫಕೀರಪ್ಪ, ಯಾಕ?"

"ಮರತಿಲ್ರಿ ಸರ್."

"ಮತ್ತ?"

"ಹಂಗ ನೇರ ಹೇಳೂದಲ್ರಿ. ನಮ್ಮ ಕಡೆ ಸುದ್ದಿ ಮುಟ್ಟಸಾಕ ಹೋದವ ಆರಾಮ ಇಲ್ಲ, ಲಗೂ ಬರ್ರಿ ಅಂತಾನ. ತಿಳಿಯಾವ್ರು ತಿಳಕೊಂತಾರ." ಅವನು ಬಾಕಿನ ಅಂಚು ಹಿಡಿದ. "ಅದರಾಗ ನಿಮ್ಮ ಮುಂದ ನಾ ಹೆಂಗ ಅನ್ಲಿ?"

ನಡುವಿನ ಸಾಲಿನಿಂದ ಗಿರಿಯಪ್ಪನೆಂಬುವನು ಎದ್ದ. "ಖರೇರಿ ಸರ್. ನಮ್ಮ ಕಾಕಾ ಹೋದಾಗ ಅಪ್ಪಗ ಹಂಗ ಹೇಳಿ ಕರಕೊಂಡು ಹೋದ್ರು. ಊರ ಮುಂದಿನ ಹಳ್ಳ ದಾಟೂ ತನಕ ಅಪ್ಪ ಔಷಧದ ಬಾಟ್ಲಿ ತೊಡಿ ಮ್ಯಾಲ ಹಿಡಕೊಂಡಿದ್ದ."

"ಹಂಗಾರ ಅಕಿನ್ನ ಬದುಕಿಸಿದಾವ ನಾನ," ಅಂದ ಹುಲಗಪ್ಪ.

"ನೀ ಜ್ವರ ಅಷ್ಟ ತಂದಿ. ಡಾಕ್ಟರನ್ನ ಕರಕೊಂಡು ಬಂದಾವ ನಾನು," ಅಂದ ಅಹಮದಸಾಬ.

ಈಗ ನಗು ಎದ್ದಿತು, ಹಿಂದೆಯೇ ಜಗಳವೂ. ಹೇಳಿದವನದು ತಪ್ಪೋ, ಕೇಳಿದವನದೋ? ಹಳ್ಳಿಯವನ ಕಿವಿಗೆ ಬಿದ್ದಿದ್ದರೆ ಕಥೆ ಉಳಿಯುತ್ತಿತ್ತೋ? ಗದ್ದಲದ ನಡುವೆ ಶೇವಂತೆವ್ವ ನಿಧಾನವಾಗಿ ಅಂದಳು: "ಅಂದ್ರ ಮರತದ್ದಕ್ಕ ಅಷ್ಟ ಕಥಿ ಬದಲಾಗೂದಿಲ್ರಿ. ಆಡಬಾರದ ಮಾತು ಇದ್ರೂ ಬದಲಾಗತೈತಿ. ಆಮ್ಯಾಲ ಬಂದಾವ್ರಿಗೆ ಅದ ಖರೆ ಆಗತೈತಿ."

ಕಟಗೇರಿಯವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. "ಇದನ್ನ ಪುಸ್ತಕ ಹಿಡದು ಹೇಳಿದ್ರ ನಿಮ್ಮ ತಲಿಗೆ ಹೋಗ್ತಿರಲಿಲ್ಲ," ಅಂದರು. "ಶಾಂತಯ್ಯನವರ, ನಡೀಲಿ ನಿಮ್ಮ ಪದ್ಧತಿ. ಆದ್ರ ಪ್ರಯೋಗ ಮುಗದ ಮ್ಯಾಲ ಮೂಲ ಕಥಿ, ಬದಲಾದ ಕಥಿ, ಎರಡೂ ಬರಸಬೇಕು. ಹುಡುಗರ ಕೈಯಾಗ ಏನರ ಇರಬೇಕಲ್ಲ. ಇವತ್ತ ಚಾಲೂ ಮಾಡ್ರಿ." ಹೇಳಿದವರು ಏಳಲಿಲ್ಲ, ಕುಳಿತೇ ಇದ್ದರು.

ಮಾಸ್ತರರು ಕಥೆ ಬರೆದಿದ್ದ ಚೀಟಿ ಕೈಗೆತ್ತಿಕೊಂಡರು. ಮೊದಲ ವಾಕ್ಯ ಹೇಳಿದರು, ಬರೆಸುವ ವಾಡಿಕೆಯಂತೆ ಎರಡು ಸಲ.

"ಅತ್ತ ಊರಿನಲ್ಲಿ ಅವನ ಹೆಂಡತಿ," ಅಂದರು. ವಾಕ್ಯ ನಿಂತಿತು. ಮುಂದಿನ ಶಬ್ದ ಚೀಟಿಯ ಮೇಲೆ ಅವರ ಅಕ್ಷರದಲ್ಲೇ ಇತ್ತು. ಅದನ್ನು ನೋಡುತ್ತ ನಿಂತರು. ಪೆನ್ನುಗಳೂ ನಿಂತವು.

"ತೀರಿಕೊಂಡ್ಲು ಅಂತ ಬರಕೋತೇವ್ರಿ ಸರ್," ಫಕೀರಪ್ಪ ಸಣ್ಣ ದನಿಯಲ್ಲಿ ಅಂದ. "ನೀವು ಮುಂದ ಹೋಗ್ರಿ."

"ಕಥಿಯೊಳಗ ಹಂಗಿಲ್ಲ." ಮಾಸ್ತರರು ಚೀಟಿಯಿಂದ ಕಣ್ಣು ತೆಗೆಯಲಿಲ್ಲ. "ಸತ್ತಳು. ಹಂಗ ಬರೀರಿ."

ಹುಡುಗರು ಬರೆದರು.

"ಅತ್ತ ಊರಿನಲ್ಲಿ ಅವನ ಹೆಂಡತಿ ಸತ್ತಳು," ಮಾಸ್ತರರು ಎರಡನೆಯ ಸಲ ಹೇಳಿದರು. ಪುಸ್ತಕದ ಇಸವಿ ಹೇಳುವ ದನಿಯಲ್ಲೇ ಬಂತು. ಎದೆಯಲ್ಲಿ ಏನಾದರೂ ಆಗುತ್ತದೇನೋ ಎಂದು ತುಸು ಕಾದರು. ಏನೂ ಆಗಲಿಲ್ಲ. ಹಿಂದಿನ ಸಾಲಿನವರು ಬರೆದು ಮುಗಿಸಿ ತಲೆ ಎತ್ತಿದರು.

"ಪೂರ್ಣವಿರಾಮ," ಅಂದು ಅವರು, ಮನೆಯವರು ಆಳನ್ನು ಕಳಿಸಿದ ಮುಂದಿನ ವಾಕ್ಯಕ್ಕೆ ಹೋದರು.