ಒಮ್ಮೆ ಬಂದು ಹೋದ ಬೇನೆ

ಅಂಗಳದ ಗೋಡೆಯಾಚೆ ಪಕ್ಕದ ಮನೆಯ ಗುರುಸಿದ್ದವ್ವ ಹಸಿರು ಸೀರೆಯ ಮಡಿಕೆ ಬಿಚ್ಚಿ ತೋರಿಸುತ್ತಿದ್ದಳು. ಸರಸ್ವತೀಬಾಯಿಯವರ ಕಿವಿಗೆ ಬಿದ್ದದ್ದು ಅವಳ ಕೆಮ್ಮು.

“ಮಗಳು ಅನುರಾಧಾನ ಕುಬಸದ ಸೀರಿ, ಸೀಮಂತಕ್ಕ ಉಡಿಸೂದು. ನಾಳೆ ಬಬಲೇಶ್ವರಕ್ಕ ಅಕಿ ಮನಿಗೆ ಹೊಂಟೇನ್ರಿ ಬಾಯಾರ. ಗುಡುಸಾಬ ಟಂಟಂ ಆಟೋ ತರ್ತಾನ.”

ಕೊರೊನಾದ ಎರಡನೆಯ ವರ್ಷ. ಗುರುಸಿದ್ದವ್ವ ಹಿಂದಿನ ದಿನವಷ್ಟೇ ಹೊನವಾಡದಿಂದ ವಿಜಯಪುರಕ್ಕೆ ಮರಳಿದ್ದಳು. ಅಲ್ಲಿ ಜ್ವರದಿಂದ ಮಲಗಿದ ಅಣ್ಣ ಶಿವಶರಣಪ್ಪನ ಆರೈಕೆಗೆ ಮನೆಯವರು ಅವಳನ್ನೇ ಕರೆಸಿದ್ದರು. ಹೋದ ವರ್ಷ ಅವಳಿಗೆ ಬಂದು ಹೋಗಿತ್ತಲ್ಲ! ಸಿಡುಬು ಎದ್ದು ವಾಸಿಯಾದವರೇ ಸಿಡುಬಿನವರ ಹತ್ತಿರ ಕೂಡುವುದು ಅಜ್ಜಿಯರ ಕಾಲದ ಪದ್ಧತಿ. ಸಿಡುಬಿಗೆ ಅದು ಸರಿಯೇ ಇತ್ತು. ಅದಕ್ಕೇ ಕೊರೊನಾಗೆ ಅದು ಸಲ್ಲದೆಂದು ಗುರುಸಿದ್ದವ್ವನನ್ನು ಒಪ್ಪಿಸುವುದು ಬಾಯಿಯವರಿಗೆ ಇಷ್ಟು ಕಷ್ಟವಾಗಿತ್ತು.

“ಏಳು ತಿಂಗಳ ಬಸುರಿ ಅಕಿ. ಹೋಗಬ್ಯಾಡ. ಇದು ಹೋದ ವರ್ಷದ್ದಲ್ಲ, ಬ್ಯಾರೆ ಆಗೇದ. ಒಬ್ಬೊಬ್ಬರ ಮೈಯಾಗ ತನ್ನ ನಕಲು ತಾನ ಮಾಡ್ಕೋತ ಹೋಗ್ತದ. ಹಂಗ ಮಾಡೋ ಮುಂದ ಅಲ್ಲಲ್ಲಿ ತಪ್ಪತದ.”

“ತಪ್ಪಿದ್ದು ಫೇಲ್ ಆಗಬೇಕಲ್ರಿ? ಕಾಲೇಜಿನಾಗ ತಪ್ಪು ಬರದ ಹುಡುಗರನ್ನ ನೀವ ಫೇಲ್ ಮಾಡ್ತಿದ್ರಿ.”

“ಬಹಳಷ್ಟು ಫೇಲ ಆಗ್ತಾವ. ಯಾವುದೋ ಒಂದಕ್ಕ ಆ ತಪ್ಪ ಲಾಭಾ ಆಗ್ತದ. ಅದು ಜಲ್ದಿ ಹಬ್ಬತದ. ನಿನ್ನ ಮೈಗೆ ಅದರ ಗುರ್ತಾ ಪೂರಾ ಹತ್ತೂದಿಲ್ಲ.”

“ರಾಜ್ಯದ ಗಡಿಯಾಗ ಪೊಲೀಸರು ನಿಂತಾರಂತಲ್ರಿ. ಆ ಹೊಸಾದು ಇಲ್ಲಿಗೆ ಹೆಂಗ ಬರ್ತದ?”

“ದ್ರಾಕ್ಷಿ ತೋಟದ ದಾರಿಗೆ ಯಾರು ನಿಂತಾರ? ಆಚೆ ಕಡಿಂದ ಬಂದ ಬೀಗರಿಂದಲೇ ಅಣ್ಣಗ ಹತ್ತಿತು ಅಂತ ನೀನ ಹೇಳಿದಿ!”

“ಬ್ಯಾನಿಗೂ ವರ್ಷಕ್ಕೊಂದು ಹೊಸ ಅಂಗಿ ಅನ್ರಿ ಹಂಗಾದ್ರ,” ಎಂದು ಗುರುಸಿದ್ದವ್ವ ನಕ್ಕಳು. ಮತ್ತೆ ಕೆಮ್ಮಿದಳು. “ದಾರಿ ಧೂಳ್ರಿ.”

ಜನ್ಮವಿಡೀ ಜೀವಶಾಸ್ತ್ರ ಕಲಿಸಿದ ಬಾಯಿಯವರಿಗೆ ಒಂದು ಮಾತನ್ನು ಗೋಡೆ ದಾಟಿಸಲು ಆಗಲಿಲ್ಲ. ಲಾಕ್‌ಡೌನಿನಲ್ಲಿ ಕೇಳದೆಯೇ ಕಾಯಿಪಲ್ಯೆ ತಂದು ಇದೇ ಗೋಡೆಯ ಮೇಲೆ ಇಟ್ಟು ಹೋಗುತ್ತಿದ್ದವಳ ಮೇಲೆ ಸಿಟ್ಟಾಗುವುದಾದರೂ ಹೇಗೆ? ಒಳಗೆ ಹೋಗಿ ಅನುರಾಧಾಗೆ ಫೋನು ಹಚ್ಚಿದರು.

ಸಂಜೆ ಗುರುಸಿದ್ದವ್ವ ಗೋಡೆಯ ಹತ್ತಿರ ಬಂದಳು. “ಮಗಳ ಬಾಯಿಂದನ ಬರಬ್ಯಾಡ ಅನಿಸಿದ್ರಿ. ಆತು ಬಿಡ್ರಿ.” ಬಾಗಿಲು ಹಾಕಿಕೊಂಡಳು. ಮರುದಿನ ಟಂಟಂ ಖಾಲಿಯೇ ತಿರುಗಿ ಹೋಯಿತು.

ಆಮೇಲೆ ಅವಳಿಗೆ ಜ್ವರ ಬಂತು. ತಪಾಸಣೆಯಲ್ಲಿ ಕೊರೊನಾ ಎಂದೇ ಬಂತು. ಬಾಯಿಯವರು ಗಂಜಿ ಒಯ್ದು ಮೆಟ್ಟಿಲ ಮೇಲೆ ಇಟ್ಟರು.

“ಹಿಂದಕ್ಕ ಸರೀರಿ ಬಾಯಾರ,” ಕಿಟಕಿಯೊಳಗಿಂದ ಗುರುಸಿದ್ದವ್ವ ಕೂಗಿದಳು. “ನಿಮಗ ಒಮ್ಮೆನೂ ಬಂದಿಲ್ಲ.” ಕೆಮ್ಮಿ ಮುಂದುವರಿಸಿದಳು: “ಹೊನವಾಡಕ್ಕ ಈಗ ಜೈನಾಪುರದ ನನ್ನ ತಂಗಿ ಮುರಿಗೆವ್ವನ್ನ ಕರದಾರ. ಅಕಿಗೂ ಹೋದ ವರ್ಷ ಬಂದಿತ್ತಲ್ರಿ!”

“ಫೋನ್ ಹಚ್ಚು! ಬ್ಯಾಡ ಅನ್ನು!”

ಗುರುಸಿದ್ದವ್ವ ಏದುಸಿರು ಬಿಡುತ್ತ ತಂಗಿಗೆ ಬೇನೆ ಬೇರೆ ಆದದ್ದು, ಮೈಗೆ ಅದರ ಗುರುತು ಹತ್ತದಿರುವುದು ಎಲ್ಲ ಹೇಳಿದಳು. ಆಚೆಯಿಂದ ಮುರಿಗೆವ್ವನ ದನಿ ಅಂಗಳಕ್ಕೂ ಕೇಳಿಸಿತು:

“ಎಲ್ಲಾ ಖರೇ ಅಕ್ಕಾ. ಮತ್ತ ಅಣ್ಣಗ ನೀರ ಯಾರ ಕೊಡ್ತಾರ?”

ದವಾಖಾನೆಗಳಲ್ಲಿ ಹಾಸಿಗೆ ಇಲ್ಲವೆಂಬುದು ಬಾಯಿಯವರಿಗೂ ಗೊತ್ತಿತ್ತು.

“ಹೋದ್ರ ಮಾಸ್ಕ್ ಬಿಚ್ಚಬ್ಯಾಡ ಅನ್ನು!” ಎಂದು ಕೂಗಿದರು. “ಕಿಟಕಿ ತಗದಿಡಂತ ಹೇಳು! ತಾಟು ಬಾಗಲದಾಗ ಇಟ್ಟು ಹೊರಗ ಬರಂತ ಹೇಳು!”

“ಕಟ್ ಆತ್ರಿ,” ಎಂದಳು ಗುರುಸಿದ್ದವ್ವ.

“ಮತ್ತ ಹಚ್ಚು.”