ಒಣಗಲು ಬಿಟ್ಟ ತೋಳು

ಡಾಕ್ಟರಮ್ಮ ಕೇಳಿದ್ದು ಸೀದಾ ಪ್ರಶ್ನೆ. ಅದಕ್ಕೇ ತಾತನ ನಾಲಿಗೆ ಒಣಗಿಹೋಯಿತು.

"ಮನೇಲಿ ಯಾರಾದ್ರೂ ಹಾರ್ಮೋನ್ ಕ್ರೀಮು, ಜೆಲ್ಲು ಅಂತ ಹಚ್ಕೋತಾರಾ? ಮಗೂಗೆ ತಾಗೋ ಹಾಗೆ?"

"ಅಯ್ಯೋ, ಇಲ್ಲ ಡಾಕ್ಟ್ರೇ," ಎಂದಳು ಮಗಳು. "ನಾನೂ ಇಲ್ಲ, ನಮ್ಮನೆಯವ್ರೂ ಇಲ್ಲ. ಇನ್ನು ಅಪ್ಪ ಅಂತೀರಾ? ಸ್ನಾನಕ್ಕೆ ಹೋದ್ರೆ ಸೋಪನ್ನೇ ನೆಟ್ಟಗೆ ಹಚ್ಕೊಳ್ಳಲ್ಲ."

ಅಷ್ಟು ದುಗುಡದಲ್ಲೂ ಅವಳು ಕೊಂಚ ನಕ್ಕಳು. ತಾತನೂ ನಕ್ಕ. ಬಾಯಿಬಿಡಬೇಕಾದ ಹೊತ್ತಲ್ಲಿ ಹಲ್ಲುಬಿಟ್ಟ ಆಸಾಮಿ!

ಮೂರು ತುಂಬದ ಮೊಮ್ಮಗಳು ಕುರ್ಚಿಯ ಸ್ಕ್ರೂ ಬಿಚ್ಚಲು ನೋಡುತ್ತಿದ್ದಳು. ಹೊಕ್ಕ ಜಾಗದಿಂದ ಹೊರಗೆ ಬಾರದವಳು ಎಂದು ಬಡಗಿ ತಾತನೇ ಅವಳಿಗೆ 'ಮೊಳೆ' ಎಂದು ಹೆಸರಿಟ್ಟಿದ್ದ. ಈಚೆಗೆ ಮೊಳೆಯ ಕಾಲಿನ ಮೇಲೆ, ತುಟಿಯ ಮೇಲೆ ಕಪ್ಪು ಕೂದಲು ಕಾಣಿಸಿಕೊಂಡಿತ್ತು. ಮುಖದಲ್ಲಿ ಮೊಡವೆ. ಮಾತೆತ್ತಿದರೆ ಸಿಟ್ಟು, ಕಚ್ಚಾಟ. ಫ್ರಾಕುಗಳು ಕೊಂಡಷ್ಟು ಬೇಗ ಗಿಡ್ಡವಾಗುತ್ತಿದ್ದವು.

"ರಕ್ತದಲ್ಲಿ ಗಂಡಸರ ಹಾರ್ಮೋನು ತುಂಬಾ ಇದೆ. ಹೊರಗಿಂದ ಬಂದಿಲ್ಲ ಅಂದ್ರೆ ಒಳಗೇ ಎಲ್ಲೋ ತಯಾರಾಗ್ತಿದೆ. ಗಡ್ಡೆ ಏನಾದ್ರೂ ಇದೆಯಾ ನೋಡ್ಬೇಕು. ನಾಳೆ ಮತ್ತು ಬರೋ ಔಷಧಿ ಕೊಟ್ಟು ಸ್ಕ್ಯಾನ್ ಮಾಡೋಣ," ಎಂದರು ಡಾಕ್ಟರಮ್ಮ.

ಗಡ್ಡೆ ಎಂಬ ಮಾತು ಕಿವಿಗೆ ಬಿದ್ದದ್ದೇ ಮಗಳು ಮೊಳೆಯನ್ನು ಎಳೆದು ಎದೆಗವಚಿಕೊಂಡಳು. ತಾತ ತನ್ನ ತೋಳುಗಳನ್ನು ನೋಡಿಕೊಂಡ.

ಆ ತೋಳುಗಳ ಕಥೆಯೇ ಬೇರೆ. ಮಗಳು, ಅಳಿಯ ಕೆಲಸಕ್ಕೆ ಹೋದರೆ ಮೊಳೆಗೆ ತಾತನ ಮರಗೆಲಸದ ಶೆಡ್ಡೇ ಮನೆ. ಒಂದು ದಿನ ಅವಳನ್ನು ಎತ್ತಿ ಬೆಂಚಿನ ಮೇಲೆ ಕೂರಿಸಲು ಹೋದಾಗ ತೋಳು ಇದ್ದಕ್ಕಿದ್ದಂತೆ ಸೋತುಬಿಟ್ಟಿತು. ಮಗು ಜಾರಿತು. ತಲೆ ಬೆಂಚಿನ ಕಬ್ಬಿಣದ ಹಿಡಿಕೆಗೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತು. ಮೊಳೆ ಅದನ್ನು ಆಟವೆಂದುಕೊಂಡು "ಇನ್ನೊಂದ್ಸಲ!" ಎಂದಳು. ತಾತ ಮರದ ಹೊಟ್ಟಿನ ಮೇಲೆ ಕುಸಿದು ಕೂತ. ಯಾರಿಗೂ ಹೇಳಲಿಲ್ಲ. ಹೇಳಿದರೆ ಮಗುವನ್ನು ತನ್ನ ಹತ್ತಿರ ಬಿಡುತ್ತಾರೆಯೇ? ಮಗು ಬಾರದ ಶೆಡ್ಡಿನಲ್ಲಿ ತಾನಾದರೂ ಇದ್ದೇನು ಮಾಡಬೇಕು?

ಗೋಳು ತೋಡಿಕೊಂಡದ್ದು ಜಿಮ್ಮಿನ ಯಜಮಾನನ ಹತ್ತಿರ. ತಾತನ ಓರಗೆಯವನೇ, ಆದರೆ ಎದೆಯುಬ್ಬಿಸಿ ನಡೆಯುವ ಭೂಪ. ಕನ್ನಡಿಗೆ ಚೌಕಟ್ಟು ಕೂರಿಸಲು ಹೋದಾಗ ಅವನೇ ಗಂಡಸರ ಹಾರ್ಮೋನಿನ ಜೆಲ್ಲಿನ ಒಂದು ಟ್ಯೂಬು ಕೈಗಿಟ್ಟ.

"ಡಾಕ್ಟ್ರನ್ನ ಕೇಳೋದು ಬೇಡ್ವಾ?"

"ಮುಪ್ಪು ಬಂತು ಅಂತ ಡಾಕ್ಟ್ರ ಬಾಯಲ್ಲಿ ಕೇಳ್ಬೇಕಾ ಮಾರಾಯಾ? ಬೆಳಿಗ್ಗೆ ಹೆಗಲಿಗೂ ತೋಳಿಗೂ ಹಚ್ಚು, ಕೈ ತೊಳ್ಕೊ, ಒಣಗಿದ್ಮೇಲೆ ಶರ್ಟ್ ಹಾಕ್ಕೊ. ಆಮೇಲೆ ನೋಡು ಮಜಾ!"

ಶರ್ಟು ಹಾಕಿಕೊಳ್ಳುವುದಂತೆ! ತಾತ ಅಲ್ಲೇ ಮನಸ್ಸಿನಲ್ಲಿ ಮೂಗು ಮುರಿದ. ಜೀವಮಾನವಿಡೀ ಬಾಗಿಲುಗಳಿಗೆ ಪಾಲಿಶ್ ತಿಕ್ಕಿದವನಿಗೆ ಈ ಕುಸ್ತಿಪಟು ಬುದ್ಧಿ ಹೇಳುವುದೇ? ಪಾಲಿಶ್ ಹಚ್ಚಿದ ಮೇಲೆ ಅದರ ಮೇಲೆ ಬಟ್ಟೆ ಹೊದೆಸಬಾರದು. ಹೊದೆಸಿದರೆ ಬಟ್ಟೆಯೇ ಅರ್ಧ ಕುಡಿದುಬಿಡುತ್ತದೆ. ಗಾಳಿಗೆ ಬಿಡಬೇಕು, ಮರ ತಾನಾಗಿ ಹೀರಿಕೊಳ್ಳಬೇಕು. ಹಾಗೆಂದು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದದ್ದೇ ಜೆಲ್ ತಿಕ್ಕಿ, ಕೈಯನ್ನು ಹಳೇ ಬಟ್ಟೆಗೆ ಒರೆಸಿ, ತೋಳಿಲ್ಲದ ಬನಿಯನ್ನಿನಲ್ಲೇ ದಿನ ಕಳೆಯುತ್ತಿದ್ದ. ತೋಳಿಗೆ ತಾಕತ್ತು ಬಂತೋ, ಬಂತೆಂಬ ಧೈರ್ಯ ಬಂತೋ, ಮೊಳೆಯನ್ನು ಹೂವಿನಂತೆ ಎತ್ತುತ್ತಿದ್ದ. ಗರಗಸದ ಸದ್ದಿಗೆ ಹೆದರದೆ ಅವಳು ಅದೇ ಬರೀ ಹೆಗಲಿಗೆ ಕೆನ್ನೆಯಾನಿಸಿ, ಜೊಲ್ಲು ಸುರಿಸುತ್ತಾ ನಿದ್ದೆ ಹೋಗುತ್ತಿದ್ದಳು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹೇಳಿಬಿಡೋಣವೆಂದು ತಾತ ಅಡುಗೆಮನೆಯ ಬಾಗಿಲಿಗೆ ಹೋದ. ಅಳಿಯ ಅಲ್ಲೇ ನಿಂತಿದ್ದ. ಅಳಿಯನೆದುರು ಹೇಳುವುದಾದರೂ ಹೇಗೆ? ಈ ವಯಸ್ಸಿಗೆ ಮುದುಕನಿಗೆ ಇದೆಲ್ಲ ಯಾಕೆ ಬೇಕಿತ್ತು ಅಂದುಕೊಂಡರೆ ಮುಖ ಎಲ್ಲಿಟ್ಟುಕೊಳ್ಳುವುದು? ಹಚ್ಚಿದ್ದು ನನಗೆ, ಮಗುವಿಗಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಮಗಳು ಬಿಕ್ಕುತ್ತಿದ್ದಳು. ನೀರಿನ ಸದ್ದು ಅಳುವನ್ನು ಮುಚ್ಚಲಿಲ್ಲ. ಮೊಳೆ "ತಾತಾ, ಎತ್ಕೋ" ಎಂದು ಬಂದಾಗ ತಾತ ಸೊಂಟ ನೋವೆಂದು ಸುಳ್ಳು ಹೇಳಿದ.

ಬೆಳಿಗ್ಗೆ ತೋಳನ್ನು ಚರ್ಮ ಉರಿಯುವಷ್ಟು ಉಜ್ಜಿ ತೊಳೆದು, ಟ್ಯೂಬನ್ನು ಜೇಬಿಗೆ ಹಾಕಿಕೊಂಡು ಮಗಳು, ಮೊಮ್ಮಗಳ ಜೊತೆ ಹೊರಟ.

ಸ್ಕ್ಯಾನ್ ಕೋಣೆಯ ಹೊರಗೆ ನರ್ಸು ಮೊಳೆಯ ಪುಟ್ಟ ಕೈಗೆ ಸೂಜಿ ಚುಚ್ಚಿದಳು. ನರ ಸಿಗಲಿಲ್ಲ. ಇನ್ನೊಂದು ಕೈ. ಮಗು ಕಿಟಾರನೆ ಕಿರುಚಿತು. ಅಮ್ಮನನ್ನಲ್ಲ, ತಾತನನ್ನು ಕರೆಯಿತು. ಮತ್ತಿನ ಔಷಧಿಯ ಸಿರಿಂಜು ಹಿಡಿದು ಡಾಕ್ಟರಮ್ಮ ಹತ್ತಿರ ಬಂದರು.

"ನಿಲ್ಸಿ!" ತಾತ ಅರಚಿದ. "ನಿಲ್ಸೀಮ್ಮಾ. ಗಡ್ಡೆ ಅಲ್ಲ, ನಾನು. ನಂದೇ ಕೆಲ್ಸ ಇದು."

ಟ್ಯೂಬು ಕೈಯಿಂದ ಕೈಗೆ ಹೋಯಿತು. ಡಾಕ್ಟರಮ್ಮ ಎಲ್ಲಿ ಹಚ್ಚಿದಿರಿ, ಹೇಗೆ ಹಚ್ಚಿದಿರಿ ಎಂದು ಕೇಳಿದರು. ತಾತ ತೋಳು ಸೋತದ್ದನ್ನೂ ಪಾಲಿಶ್ ವಿಷಯವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಅದರ ದಡ್ಡತನ ಅವನಿಗೇ ಕೇಳಿಸಿ ದನಿ ಕುಗ್ಗಿತು.

"ಸ್ಕ್ಯಾನ್ ಸದ್ಯಕ್ಕೆ ಬೇಡ. ಇದನ್ನ ಇವತ್ತಿಂದಲೇ ನಿಲ್ಸಿ, ಕೆಲವು ವಾರ ಬಿಟ್ಟು ರಕ್ತ ನೋಡೋಣ. ಬಹಳಷ್ಟು ತಾನಾಗೇ ಸರಿಹೋಗುತ್ತೆ. ಆದ್ರೆ ಎಕ್ಸ್‌ರೇಲಿ ಕಂಡ ಹಾಗೆ ಮೂಳೆ ವಯಸ್ಸಿಗೆ ಮೀರಿ ಬಲಿತಿದೆ, ಅದು ಹಿಂದಕ್ಕೆ ಹೋಗಲ್ಲ. ಬೆಳವಣಿಗೆ ಮೇಲೆ ಕಣ್ಣಿಡ್ಬೇಕು." ಡಾಕ್ಟರಮ್ಮ ತಾತನ ಕಡೆ ತಿರುಗಿದರು. "ನಿಮ್ಮ ತೋಳು ಯಾಕೆ ಸೋತಿತು ಅಂತ ಯಾರೂ ನೋಡೇ ಇಲ್ವಲ್ಲ. ಅದನ್ನ ಮೊದ್ಲು ತೋರಿಸ್ಕೊಳ್ಳಿ."

ಅವರು ಒಳಗೆ ಹೋದ ಮೇಲೆ ಮಗಳು ಬಾಯಿಬಿಟ್ಟಳು.

"ನಿನ್ನೆ ಕೇಳಿದ್ರಲ್ಲಪ್ಪಾ. ನಿನ್ನ ಮುಂದೇನೇ ಕೇಳಿದ್ರು. ನಾನು ರಾತ್ರಿಯೆಲ್ಲ ನನ್ನ ಮಗು ಸಾಯುತ್ತೆ ಅಂದ್ಕೊಂಡಿದ್ದೆ. ನೀನು ಸುಮ್ನಿದ್ದೆ!"

"ಹೆದ್ರಿಕೆ ಆಯ್ತು."

"ಯಾವುದಕ್ಕೆ?"

"ಎತ್ತೋಕಾಗ್ದೆ ಹೋದ್ರೆ ಅವಳನ್ನ ನನ್ನ ಹತ್ರ ಬಿಡಲ್ಲ ಅಂತ." ತಾತ ಗೋಡೆಯ ಕಡೆ ತಿರುಗಿ ಹೇಳಿದ. "ಅವಳನ್ನ ಎತ್ಕೊಳ್ಳೋಕೇ ಹಚ್ಕೊಂಡಿದ್ದು ಕಣಮ್ಮಾ."

ಮಗಳ ಕೋಪ ಇಳಿದಿರಲಿಲ್ಲ, ಅಷ್ಟು ಬೇಗ ಇಳಿಯುವಂಥದ್ದೂ ಅಲ್ಲ.

ಅಷ್ಟರಲ್ಲಿ ಮೊಳೆ ಎರಡೂ ಕೈಗೆ ಹತ್ತಿಯಂಟಿಸಿಕೊಂಡು, ಮೂಗು ಸುರಿಸುತ್ತಾ ಬಂದು "ಎತ್ಕೋ" ಎಂದಳು. ತಾತ ಎರಡೂ ಕೈಯನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡ. ಅವಳು ಬಿಡುವವಳೇ? ಅವನ ಚಪ್ಪಲಿಯ ಮೇಲೆ ಹತ್ತಿ ನಿಂತು, ಕಾಲನ್ನು ತಬ್ಬಿ, ಮೊಣಕಾಲಿಗೆ ಕೆನ್ನೆಯಾನಿಸಿದಳು.

ತಾತ ಅಲುಗಾಡಲಿಲ್ಲ. ತಗ್ಗಿದ ದನಿಯಲ್ಲಿ ಮಗಳನ್ನು ಕೇಳಿದ:

"ಅಮ್ಮಾ, ಪ್ಯಾಂಟು... ಪ್ಯಾಂಟಿಗೆ ತಾಗಿದ್ರೆ ಪರವಾಗಿಲ್ವಾ?"

ಮಗಳು ಸೆರಗಿನಿಂದ ಮುಖ ಒರೆಸಿಕೊಂಡು, ಡಾಕ್ಟರಮ್ಮನನ್ನು ಕೇಳಿ ಬರಲು ಎದ್ದಳು.